ಪುರಾಣ, ಐತಿಹ್ಯ, ಜನಪದ ಕಥೆಗಳ ಅಪೂರ್ವ ಗ್ರಂಥಸಂಗ್ರಹ

ಪುರಾಣ, ಐತಿಹ್ಯ ಮತ್ತು ಜನಪದ ಕಥೆಗಳ ಹಳೆಯ, ವಿರಳವಾದ ಮುದ್ರಿತ ಪುಸ್ತಕಗಳನ್ನು ಹುಡುಕಿ, ಅವುಗಳ ಆವೃತ್ತಿಯನ್ನು ಗುರುತಿಸಿ, ಪಟ್ಟಿಮಾಡಿ ಕಾಪಾಡುವ ಕೆಲಸವು ಗ್ರಂಥಸಂಗ್ರಹದ ಒಂದು ಪ್ರಮುಖ ಶಾಖೆ. ಜಾನಪದ ಅಧ್ಯಯನ, ಮುದ್ರಣದ ಇತಿಹಾಸ, ಪುಸ್ತಕ ಚಿತ್ರಕಲೆ ಈ ಮೂರೂ ಇಲ್ಲಿ ಕೂಡುತ್ತವೆ. ಬಾಯಿಂದ ಬಾಯಿಗೆ ಸಾಗಿದ ಕಥೆಯು ಒಂದು ಕಾಲದಲ್ಲಿ, ಒಂದು ಊರಿನಲ್ಲಿ ಯಾವ ರೂಪದಲ್ಲಿತ್ತು ಎಂಬುದಕ್ಕೆ ಅನೇಕ ವೇಳೆ ಹಳೆಯ ಪುಸ್ತಕವೊಂದೇ ಸಾಕ್ಷಿಯಾಗಿ ಉಳಿದಿರುತ್ತದೆ. ಈ ಶಾಖೆಯ ಮಹತ್ವ ಮುಖ್ಯವಾಗಿ ಅಲ್ಲಿದೆ.

ವ್ಯಾಪ್ತಿ ಮತ್ತು ಪರಿಭಾಷೆ

ದೇವತೆಗಳನ್ನೂ ಸೃಷ್ಟಿಯನ್ನೂ ಕುರಿತು ಪವಿತ್ರವೆಂದು ನಂಬಿ ಹೇಳುವ ಕಥನ ಪುರಾಣ. ಒಂದು ಸ್ಥಳಕ್ಕೆ ಅಥವಾ ವ್ಯಕ್ತಿಗೆ ಅಂಟಿಕೊಂಡು, ನಡೆದದ್ದೆಂದೇ ಹೇಳಲಾಗುವುದು ಐತಿಹ್ಯ. ಕಾಲದೇಶಗಳ ಹಂಗಿಲ್ಲದೆ ಕಥೆಯೆಂದೇ ಹೇಳಿ ಕೇಳುವುದು ಜನಪದ ಕಥೆ. ಕಪಾಟಿನಲ್ಲಿ ಈ ಮೂರೂ ಬೇರೆಬೇರೆಯಾಗಿ ನಿಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಸಂಕಲನಗಳಲ್ಲಿ ಇವು ಬೆರೆತೇ ಇವೆ. ಆದ್ದರಿಂದ ಸಂಗ್ರಹಕಾರರು ಮೂರನ್ನೂ ಒಂದೇ ಕ್ಷೇತ್ರವೆಂದು ಎಣಿಸುತ್ತಾರೆ. ಓಲೆಗರಿ, ಕಡತಗಳು ಹಸ್ತಪ್ರತಿಶಾಸ್ತ್ರಕ್ಕೆ ಸೇರಿದ್ದು, ಈ ಲೇಖನದ ವ್ಯಾಪ್ತಿ ಮುದ್ರಿತ ಗ್ರಂಥಕ್ಕೆ ಸೀಮಿತ.

ಒಮ್ಮೆ ಜೋಡಿಸಿದ ಮೊಳೆಗಳಿಂದ ಅಚ್ಚಾದ ಎಲ್ಲ ಪ್ರತಿಗಳೂ ಸೇರಿ ಒಂದು ಆವೃತ್ತಿ. ಆ ಆವೃತ್ತಿಯಲ್ಲಿ ಒಂದೇ ಸಲಕ್ಕೆ ಅಚ್ಚಾದವು ಒಂದು ಮುದ್ರಣ. ಅಚ್ಚಿನ ನಡುವೆ ತಪ್ಪು ತಿದ್ದಿಯೋ ಪುಟ ಬದಲಿಸಿಯೋ ಹೊರಬಂದ ಪ್ರತಿಗಳನ್ನು ಮೊದಲ ಬಿಡುಗಡೆ, ಎರಡನೆಯ ಬಿಡುಗಡೆ ಎಂದು ವಿಂಗಡಿಸುತ್ತಾರೆ. ಕೈಯಲ್ಲಿರುವ ಒಂದು ಪುಸ್ತಕ ಒಂದು ಪ್ರತಿ; ಅದು ಯಾರ ಯಾರ ಕೈ ದಾಟಿ ಬಂತೆಂಬ ದಾಖಲೆ ಅದರ ಒಡೆತನದ ಇತಿಹಾಸ. ವಯಸ್ಸೊಂದೇ ಪುಸ್ತಕವನ್ನು ಅಪೂರ್ವ ಮಾಡುವುದಿಲ್ಲ. ಉಳಿದಿರುವ ಪ್ರತಿಗಳು ಕೆಲವೇ ಆಗಿದ್ದು, ಅದನ್ನು ಅರಸುವವರು ಹೆಚ್ಚಿದ್ದಾಗ ಮಾತ್ರ ಆ ಹೆಸರು ಸಲ್ಲುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಮುದ್ರಿತ ಕಥಾಗ್ರಂಥಗಳ ಇತಿಹಾಸದ ಮೊದಲ ಪುಟಗಳಲ್ಲೇ ಭಾರತದ ಕಥೆಗಳಿವೆ. ಪಂಚತಂತ್ರವು ಸಂಸ್ಕೃತದಿಂದ ಪಹ್ಲವಿಗೆ, ಅಲ್ಲಿಂದ ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫಾನ ಅರಬಿ ರೂಪವಾದ ‘ಕಲೀಲ ವ ದಿಮ್ನ’ಕ್ಕೆ, ಮುಂದೆ ಹೀಬ್ರೂವಿಗೆ, ಹದಿಮೂರನೆಯ ಶತಮಾನದಲ್ಲಿ ಕಾಪುವದ ಜಾನ್ ಎಂಬುವನ ಲ್ಯಾಟಿನ್ ಅನುವಾದಕ್ಕೆ ಸಾಗಿತು. ಗುಟೆನ್‌ಬರ್ಗ್‌ನ ಅಚ್ಚುಕೂಟದ ನಂತರದ ಕೆಲವೇ ದಶಕಗಳಲ್ಲಿ, 1480ರ ದಶಕದಲ್ಲಿ, ಈ ಕಥೆಗಳು ಜರ್ಮನ್ ಭಾಷೆಯಲ್ಲಿ ಮರದಚ್ಚಿನ ಚಿತ್ರಗಳೊಂದಿಗೆ ಪುಸ್ತಕವಾದವು. 1570ರಲ್ಲಿ ಥಾಮಸ್ ನಾರ್ತ್ ಅವನ್ನು ಇಟಾಲಿಯನ್ ಪಾಠವೊಂದರಿಂದ ಇಂಗ್ಲಿಷಿಗೆ ತಂದನು. ಪಂಚತಂತ್ರದ ಬಳಗಕ್ಕೇ ಸೇರಿದ ಹಿತೋಪದೇಶದ ಸಂಸ್ಕೃತ ಮೂಲವು ಭಾರತದಲ್ಲಿ ಅಚ್ಚಾದದ್ದು ಮಾತ್ರ 1804ರಲ್ಲಿ, ಸೆರಾಂಪುರದಲ್ಲಿ. ದೇವನಾಗರಿ ಮೊಳೆಗಳಲ್ಲಿ ಮೂಡಿದ ತೀರಾ ಹಳೆಯ ಸಂಸ್ಕೃತ ಪುಸ್ತಕಗಳಲ್ಲೊಂದಾದ ಅದರ ಪ್ರತಿಗಳು ಇಂದು ಬಹು ವಿರಳ.

ಯುರೋಪಿನ ಕಥಾಸಂಕಲನಗಳ ಸಾಲು ಇಟಲಿಯಿಂದ ಹೊರಡುತ್ತದೆ. ಸ್ಟ್ರಾಪರೋಲನ ಸಂಕಲನ 1550–53ರಲ್ಲಿ ವೆನಿಸ್ಸಿನಿಂದಲೂ, ನೇಪಲ್ಸಿನ ಆಡುಮಾತಿನಲ್ಲಿ ಬರೆದ ಬಾಸಿಲೆಯ ಐವತ್ತು ಕಥೆಗಳು ಅವನ ಮರಣಾನಂತರ 1634–36ರಲ್ಲೂ ಬೆಳಕು ಕಂಡವು. ಶಾರ್ಲ್ ಪೆರೋನ ಎಂಟು ಕಥೆಗಳ ಚಿಕ್ಕ ಪುಸ್ತಕ 1697ರಲ್ಲಿ ಪ್ಯಾರಿಸಿನಲ್ಲಿ ಬಾರ್ಬಿನ್ ಎಂಬ ಪ್ರಕಾಶಕನಿಂದ ಹೊರಬಂತು. ಅದಕ್ಕೆ ಎರಡು ವರ್ಷ ಹಿಂದಿನ ಅಂದವಾದ ಕೈಬರಹದ ಪ್ರತಿಯೊಂದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಆಂಟ್ವಾನ್ ಗಲಾನ್ 1704ರಿಂದ 1717ರವರೆಗೆ ಹನ್ನೆರಡು ಸಂಪುಟಗಳಲ್ಲಿ ಸಾವಿರದ ಒಂದು ರಾತ್ರಿಗಳ ಕಥೆಗಳನ್ನು ಫ್ರೆಂಚಿಗೆ ತಂದನು. ಅಲ್ಲಾದೀನ ಮತ್ತು ಆಲಿಬಾಬಾನ ಕಥೆಗಳು ಅವನ ಅರಬಿ ಹಸ್ತಪ್ರತಿಯಲ್ಲಿ ಇರಲಿಲ್ಲ. ಅಲೆಪ್ಪೊ ನಗರದ ಹನ್ನಾ ದಿಯಾಬ್ 1709ರಲ್ಲಿ ಪ್ಯಾರಿಸಿನಲ್ಲಿ ಅವನಿಗೆ ಬಾಯಲ್ಲಿ ಹೇಳಿದವು. ಆ ಸಂಪುಟಗಳ ಮೊದಲ ಆವೃತ್ತಿಯೇ ಈ ಎರಡು ಕಥೆಗಳ ಅತ್ಯಂತ ಹಳೆಯ ಮುದ್ರಿತ ದಾಖಲೆ.

ಈ ಕ್ಷೇತ್ರದ ಕೇಂದ್ರಗ್ರಂಥವೆಂದರೆ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರ ‘ಕಿಂಡರ್ ಉಂಟ್ ಹೌಸ್‌ಮೇರ್ಷನ್’. ಮೊದಲ ಸಂಪುಟ 86 ಕಥೆಗಳೊಂದಿಗೆ 1812ರ ಡಿಸೆಂಬರಿನಲ್ಲಿ ಬರ್ಲಿನ್ನಿನಿಂದ ಹೊರಬಂತು. 1815ರ ಎರಡನೆಯ ಸಂಪುಟದಲ್ಲಿ 70 ಕಥೆಗಳಿದ್ದವು. ಟಿಪ್ಪಣಿ ತುಂಬಿದ, ಮಾರಾಟದಲ್ಲಿ ನಿಧಾನವಾದ ಪುಸ್ತಕವದು. 1825ರಲ್ಲಿ ಆಯ್ದ 50 ಕಥೆಗಳಿಗೆ ತಮ್ಮ ಲುಡ್ವಿಗ್ ಗ್ರಿಮ್‌ನ ಚಿತ್ರ ಸೇರಿಸಿದ ಕಿರು ಆವೃತ್ತಿ ಬಂದ ಮೇಲೆಯೇ ಅದು ಮನೆಮನೆಗೆ ತಲುಪಿದ್ದು. 1857ರ ಏಳನೆಯ ಆವೃತ್ತಿಯ ಹೊತ್ತಿಗೆ ಕಥೆಗಳ ಸಂಖ್ಯೆ ಇನ್ನೂರನ್ನು ದಾಟಿತ್ತು. ಸಹೋದರರು ತಮ್ಮ ಕೈಯಾರೆ ತಿದ್ದಿ, ಅಂಚಿನಲ್ಲಿ ಬರೆದಿಟ್ಟುಕೊಂಡ ಸ್ವಂತ ಪ್ರತಿಗಳು ಕಾಸೆಲ್ ನಗರದಲ್ಲಿವೆ. ಯುನೆಸ್ಕೊ 2005ರಲ್ಲಿ ಅವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಗ್ರಿಮ್‌ರ ಹಾದಿಯಲ್ಲಿ ಇತರ ದೇಶಗಳೂ ನಡೆದವು. ಫಿನ್ಲೆಂಡಿನ ಎಲಿಯಾಸ್ ಲೋನ್‌ರೋಟ್‌ನ ‘ಕಲೆವಲ’ 1835ರಲ್ಲಿ 500 ಪ್ರತಿಗಳಲ್ಲಿ ಅಚ್ಚಾಯಿತು. ನಾರ್ವೆಯ ಆಸ್‌ಬ್ಯೋರ್ನ್‌ಸನ್ ಮತ್ತು ಮೋ ಅವರ ಕಥೆಗಳು 1840ರ ದಶಕದಲ್ಲಿ ತೆಳು ಕಂತುಗಳಾಗಿಯೂ, ರಷ್ಯದ ಅಫನಾಸ್ಯೆವ್‌ನ ಸಂಗ್ರಹ 1855ರಿಂದ 1863ರವರೆಗೆ ಎಂಟು ಭಾಗಗಳಾಗಿಯೂ ಬಂದವು. 1878ರಲ್ಲಿ ಲಂಡನ್ನಿನಲ್ಲಿ ಫೋಕ್‌ಲೋರ್ ಸೊಸೈಟಿ ಸ್ಥಾಪನೆಯಾದ ಮೇಲೆ ವಿದ್ವಾಂಸರು ಇಂಥ ಪುಸ್ತಕಗಳನ್ನು ಆಕರಗಳೆಂದು ಕ್ರಮವಾಗಿ ಕೂಡಿಹಾಕತೊಡಗಿದರು.

ಭಾರತದ ಸಂಕಲನಗಳು

ಎಡ್ವರ್ಡ್ ಮೂರ್‌ನ ‘ದಿ ಹಿಂದೂ ಪ್ಯಾಂಥಿಯನ್’ (1810) ಹಿಂದೂ ದೇವತೆಗಳ ನೂರಕ್ಕೂ ಮೇಲ್ಪಟ್ಟ ಚಿತ್ರಫಲಕಗಳನ್ನು ಒಳಗೊಂಡಿದ್ದು, ಪುರಾಣ ವಿಭಾಗದ ಸಂಗ್ರಹಗಳಲ್ಲಿ ಮುಂಚೂಣಿಯಲ್ಲಿದೆ. ಫಲಕಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರುವ ಚಾಳಿಯಿಂದ ಪೂರ್ಣ ಪ್ರತಿಗಳು ಕಡಿಮೆಯಾಗಿವೆ.

ಜನರ ಬಾಯಿಂದ ಕೇಳಿ ಬರೆದ ಭಾರತೀಯ ಕಥೆಗಳ ಮೊದಲ ಮುಖ್ಯ ಇಂಗ್ಲಿಷ್ ಪುಸ್ತಕ ಮೇರಿ ಫ್ರೆಯರ್‌ಳ ‘ಓಲ್ಡ್ ಡೆಕ್ಕನ್ ಡೇಸ್’. ಇದನ್ನು 1868ರಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಟಿಸಿದನು. ಮುಂಬಯಿ ಪ್ರಾಂತ್ಯದ ಗವರ್ನರ್ ಬಾರ್ಟಲ್ ಫ್ರೆಯರ್‌ನ ಮಗಳಾದ ಈಕೆ, ತಂದೆಯೊಡನೆ ದಕ್ಖನಿನ ಪ್ರವಾಸದಲ್ಲಿದ್ದಾಗ ತನ್ನ ಆಯಾ ಅನ್ನಾ ಲಿಬರಾಟಾ ಡಿಸೋಜಳಿಂದ ಈ ಕಥೆಗಳನ್ನು ಕೇಳಿ ಬರೆದುಕೊಂಡಳು. ಅನ್ನಾಳ ಅಜ್ಜನ ಮನೆತನ ಲಿಂಗಾಯತರದು. ಗೋವೆಯ ಕಡೆಗೆ ಬಂದು ನೆಲೆಸಿದ ಮೇಲೆ ಕ್ರೈಸ್ತರಾದವರು. ಅವಳ ಬದುಕಿನ ಕಥನವನ್ನೂ ಅದೇ ಪುಸ್ತಕದಲ್ಲಿ ಅಚ್ಚುಹಾಕಲಾಗಿದೆ. ಆ ಕಾಲದ ಸಂಕಲನಗಳಲ್ಲಿ ಕಥೆ ಹೇಳಿದವರ ಹೆಸರೇ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಪುಸ್ತಕವಾದರೋ ಹೇಳಿದ ಹೆಂಗಸಿನ ದನಿಗೆ ಪುಟಗಳನ್ನು ಬಿಟ್ಟುಕೊಟ್ಟಿದೆ; ಅದರ ಮೊದಲ ಆವೃತ್ತಿಗೆ ಇರುವ ಮನ್ನಣೆಗೆ ಇದು ದೊಡ್ಡ ಕಾರಣ.

ಮೇವ್ ಸ್ಟೋಕ್ಸ್ ಎಂಬ ಬಾಲಕಿ ಆಯಾಗಳಿಂದಲೂ ಮನೆಯ ಕೆಲಸದವರಿಂದಲೂ ಕೇಳಿದ ಕಥೆಗಳು ‘ಇಂಡಿಯನ್ ಫೇರಿ ಟೇಲ್ಸ್’ ಎಂಬ ಹೆಸರಿನಲ್ಲಿ 1879ರಲ್ಲಿ ಕಲ್ಕತ್ತದಲ್ಲಿ ಖಾಸಗಿಯಾಗಿ ಅಚ್ಚಾದವು. ಲಂಡನ್ ಆವೃತ್ತಿ 1880ರದು. ಲಾಲ್ ಬಿಹಾರಿ ಡೇ ಅವರ ‘ಫೋಕ್ ಟೇಲ್ಸ್ ಆಫ್ ಬೆಂಗಾಲ್’ (1883), ಫ್ಲೋರಾ ಆನಿ ಸ್ಟೀಲ್ ಮತ್ತು ಆರ್. ಸಿ. ಟೆಂಪಲ್ ಅವರ ‘ವೈಡ್ ಅವೇಕ್ ಸ್ಟೋರೀಸ್’ (1884), ಟೆಂಪಲ್ ಒಬ್ಬನದೇ ಮೂರು ಸಂಪುಟಗಳ ‘ದಿ ಲೆಜೆಂಡ್ಸ್ ಆಫ್ ದಿ ಪಂಜಾಬ್’ (1884–1900), ಹಿಂಟನ್ ನೋಲ್ಸ್‌ನ ಕಾಶ್ಮೀರದ ಕಥೆಗಳು (1888) ಹತ್ತಿಪ್ಪತ್ತು ವರ್ಷಗಳೊಳಗೆ ಒಂದರ ಬೆನ್ನಿಗೊಂದು ಬಂದವು. ತಮಿಳುನಾಡಿನ ಎಸ್. ಎಂ. ನಟೇಶ ಶಾಸ್ತ್ರಿಗಳ ‘ಫೋಕ್‌ಲೋರ್ ಇನ್ ಸದರ್ನ್ ಇಂಡಿಯಾ’ 1884ರಿಂದ 1893ರವರೆಗೆ ನಾಲ್ಕು ಭಾಗಗಳಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಸಡಿಲ ಕಂತುಗಳಾಗಿ ಬಂದುದರಿಂದ ನಾಲ್ಕೂ ಒಟ್ಟಿಗೆ ದೊರೆಯುವುದು ಕಷ್ಟ.

ಸೋಮದೇವನ ಕಥಾಸರಿತ್ಸಾಗರವನ್ನು ಸಿ. ಎಚ್. ಟಾನಿ 1880–84ರಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಗಾಗಿ ಇಂಗ್ಲಿಷಿಗೆ ಅನುವಾದಿಸಿದನು. ಅದಕ್ಕೆ ಎನ್. ಎಂ. ಪೆಂಜರ್ ವಿಸ್ತಾರವಾದ ಟಿಪ್ಪಣಿಗಳನ್ನು ಸೇರಿಸಿ 1924ರಿಂದ 1928ರವರೆಗೆ ‘ದಿ ಓಷನ್ ಆಫ್ ಸ್ಟೋರಿ’ ಎಂದು ಹತ್ತು ಸಂಪುಟಗಳಲ್ಲಿ ಚಂದಾದಾರರಿಗಷ್ಟೇ ಹೊರತಂದನು. ಬಂಗಾಳಿಯಲ್ಲಿ ದಕ್ಷಿಣಾರಂಜನ ಮಿತ್ರ ಮಜುಂದಾರರ ‘ಠಾಕುರ್‌ಮಾರ್ ಝುಲಿ’ 1907ರಲ್ಲಿ ರವೀಂದ್ರನಾಥ ಠಾಕೂರರ ಮುನ್ನುಡಿಯೊಂದಿಗೆ ಪ್ರಕಟವಾಯಿತು. ಮಕ್ಕಳ ಕೈಯಲ್ಲಿ ಸವೆದುಹೋದ ಅದರ ಮೊದಲ ಮುದ್ರಣ, ಅದೇ ಕಾಲದ ದುಬಾರಿ ಇಂಗ್ಲಿಷ್ ಪುಸ್ತಕಗಳಿಗಿಂತ ದುರ್ಲಭ.

ಅಗ್ಗದ ಪುಸ್ತಕವೇ ಹೆಚ್ಚು ಅಪೂರ್ವವಾಗುವುದಕ್ಕೆ ಇನ್ನೊಂದು ನಿದರ್ಶನ ಲಖನೌದ ನವಲ ಕಿಶೋರ್ ಮುದ್ರಣಾಲಯದ ಉರ್ದು ‘ದಾಸ್ತಾನ್‌–ಎ–ಅಮೀರ್ ಹಮ್ಜಾ’. 1880ರ ದಶಕದಿಂದ ಹಲವು ದಶಕಗಳ ಕಾಲ ಅಚ್ಚಾದ ಈ ಮಹಾಕಥನದ ಸಂಪುಟಗಳು 46. ಓದಿ ಬಿಸಾಡುವ ಕಾಗದದಲ್ಲಿ ಅಚ್ಚಾದುದರಿಂದ ಯಾವ ದೊಡ್ಡ ಗ್ರಂಥಾಲಯದಲ್ಲೂ ಅದು ಸುಲಭವಾಗಿ ಪೂರ್ತಿ ಸಿಗಲಿಲ್ಲ. ಅಲಹಾಬಾದಿನ ವಿಮರ್ಶಕ ಶಂಸುರ್ರಹಮಾನ್ ಫಾರೂಕಿ ಬಿಡಿ ಸಂಪುಟಗಳನ್ನು ವರ್ಷಾನುಗಟ್ಟಲೆ ಹುಡುಕಿ 46ನ್ನೂ ಕೂಡಿಸಿದರು. ಹಾಗೆ ಕೂಡಿದ ಮೇಲೆಯೇ ಆ ಕಥನವನ್ನು ಇಡಿಯಾಗಿ ಓದಿ ವಿಮರ್ಶಿಸುವುದು ಸಾಧ್ಯವಾಯಿತು. ಖಾಸಗಿ ಸಂಗ್ರಹವೊಂದು ವಿದ್ವತ್ತಿನ ದಾರಿಯನ್ನು ತೆರೆದ ಉದಾಹರಣೆಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು.

ಕನ್ನಡ ಮತ್ತು ತುಳು

ಕನ್ನಡದಲ್ಲಿ ಕಥೆ–ಪುರಾಣಗಳ ಮುದ್ರಣ ನೆಲೆಗೊಂಡದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಷನ್ 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಹರ್ಮನ್ ಮೋಗ್ಲಿಂಗ್ 1848ರ ಬಳಿಕ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದ ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತಂದನು. ಲಿಪಿಕಾರನ ಕೈಬರಹವೇ ಪುಟದ ಮೇಲೆ ಮೂಡಿರುವ ಈ ಪುಸ್ತಕಗಳು ಕಡತಕ್ಕೂ ಮೊಳೆಯಚ್ಚಿಗೂ ನಡುವಿನ ಹಂತವನ್ನು ತೋರಿಸುತ್ತವೆ. ಕನ್ನಡ ಗ್ರಂಥಸಂಗ್ರಹಕಾರರು ಅವಕ್ಕೆ ಕೊಡುವಷ್ಟು ಬೆಲೆಯನ್ನು ಬೇರೆ ಪುಸ್ತಕಗಳಿಗೆ ಕೊಡುವುದು ಅಪರೂಪ.

ತುಳುನಾಡಿನ ಭೂತಗಳ ಐತಿಹ್ಯಗಳಾದ ಪಾಡ್ದನಗಳನ್ನು ಆಗಸ್ಟ್ ಮೆನ್ನರ್ ಕನ್ನಡ ಲಿಪಿಯಲ್ಲಿ ‘ಪಾಡ್ದನೊಳು’ ಎಂದು 1886ರಲ್ಲಿ ಪ್ರಕಟಿಸಿದನು. ಎ. ಸಿ. ಬರ್ನೆಲ್ ಸಂಗ್ರಹಿಸಿದ ಸಾಮಗ್ರಿ ಅವನ ಮರಣಾನಂತರ 1894–97ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಬಂತು. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳೂ ಅದೇ ಪತ್ರಿಕೆಯ 1880ರ ದಶಕದ ಸಂಚಿಕೆಗಳಲ್ಲಿವೆ. ಆದ್ದರಿಂದ ಕನ್ನಡ, ತುಳು ಜಾನಪದದ ಸಂಗ್ರಹಕ್ಕೆ ಪುಸ್ತಕಗಳಷ್ಟೇ ಹಳೆಯ ಪತ್ರಿಕೆಗಳ ಸಂಪುಟಗಳೂ ಅಗತ್ಯ. ಚಾರ್ಲ್ಸ್ ಗೋವರ್‌ನ ‘ದಿ ಫೋಕ್ ಸಾಂಗ್ಸ್ ಆಫ್ ಸದರ್ನ್ ಇಂಡಿಯಾ’ (ಮದ್ರಾಸ್, 1871), ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931) ಹಾಡಿನ ಸಂಗ್ರಹಗಳಾದರೂ ಇದೇ ಕಪಾಟಿನಲ್ಲಿ ಸ್ಥಾನ ಪಡೆಯುತ್ತವೆ.

ಇವೆಲ್ಲಕ್ಕಿಂತ ವಿರಳವಾಗಿರುವುದು ಜಾತ್ರೆ, ಸಂತೆಗಳಲ್ಲಿ ಮಾರಾಟವಾಗುತ್ತಿದ್ದ ಕಿರುಹೊತ್ತಗೆಗಳ ವರ್ಗ. ಶನಿಮಹಾತ್ಮೆ, ನಳಚರಿತ್ರೆ, ಬತ್ತೀಸ ಪುತ್ಥಳಿಯ ಕಥೆ, ಸ್ಥಳಪುರಾಣ, ಯಕ್ಷಗಾನ ಪ್ರಸಂಗ ಈ ವರ್ಗಕ್ಕೆ ಸೇರುತ್ತವೆ. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನದ ಪ್ರಸಂಗ ಪುಸ್ತಕಗಳು ಕರಾವಳಿಯ ಭಾಗವತರ ಕೈಗಳಲ್ಲಿ ತಲೆಮಾರುಗಳ ಕಾಲ ಬಳಕೆಯಾದವು. ಒದ್ದೆ ಕೈಯಲ್ಲಿ ಹಿಡಿದು, ರಾತ್ರಿಯಿಡೀ ದೀಪದ ಪಕ್ಕದಲ್ಲಿಟ್ಟು ಹಾಡಿದ ಪುಸ್ತಕ ಉಳಿಯುವುದು ಕಷ್ಟ. ಗ್ರಂಥಾಲಯಗಳೂ ಇವನ್ನು ಗಂಭೀರ ಸಾಹಿತ್ಯವೆಂದು ಕೊಳ್ಳಲಿಲ್ಲ. ಈ ಅಲಕ್ಷ್ಯದಿಂದಾದ ನಷ್ಟ ದೊಡ್ಡದು, ಮತ್ತು ಅದರ ಬಹುಪಾಲನ್ನು ಇನ್ನು ತುಂಬಿಕೊಳ್ಳಲಾಗದು.

ಬಗೆಗಳು

ಸಂಗ್ರಹಕಾರರು ಈ ಪುಸ್ತಕಗಳನ್ನು ಸ್ಥೂಲವಾಗಿ ವಿದ್ವತ್ ಆವೃತ್ತಿ, ಚಿತ್ರಸಮೃದ್ಧ ಆವೃತ್ತಿ, ಸೀಮಿತ ಮುದ್ರಣ, ಜನಪ್ರಿಯ ಕಿರುಹೊತ್ತಗೆ ಎಂದು ನೋಡುತ್ತಾರೆ. ಒಂದೇ ಪುಸ್ತಕ ಎರಡು ವರ್ಗಗಳಲ್ಲಿ ಬರುವುದೂ ಉಂಟು.

ಚಿತ್ರಸಮೃದ್ಧ ಪುಸ್ತಕಗಳ ಕಾಲ ಸುಮಾರು 1890ರಿಂದ ಮೊದಲ ಮಹಾಯುದ್ಧದವರೆಗಿನದು. ಆಂಡ್ರೂ ಲ್ಯಾಂಗ್ ಹೊರತಂದ, ಬಣ್ಣಗಳ ಹೆಸರು ಹೊತ್ತ ಹನ್ನೆರಡು ಕಥಾಸಂಪುಟಗಳು 1889ರ ‘ಬ್ಲೂ ಫೇರಿ ಬುಕ್’ನಿಂದ 1910ರ ‘ಲೈಲಾಕ್ ಫೇರಿ ಬುಕ್’ವರೆಗೆ ಸಾಗಿದವು. ಎಚ್. ಜೆ. ಫೋರ್ಡ್‌ನ ಚಿತ್ರಗಳೂ ಬಟ್ಟೆಯ ರಟ್ಟಿನ ಮೇಲಿನ ಚಿನ್ನದ ಮುದ್ರೆಯೂ ಅವಕ್ಕೆ ಹೆಸರು ತಂದವು. ತ್ರಿವರ್ಣ ಮುದ್ರಣ ಬಂದ ಮೇಲೆ ಆರ್ಥರ್ ರ‍್ಯಾಕಮ್‌ನ ಗ್ರಿಮ್ ಕಥೆಗಳು (1900, ವರ್ಣಚಿತ್ರಗಳೊಂದಿಗೆ 1909), ಎಡ್ಮಂಡ್ ಡ್ಯೂಲಾಕ್‌ನ ಅರೇಬಿಯನ್ ಕಥೆಗಳು (1907), ಕೈ ನೀಲ್ಸನ್‌ನ ನಾರ್ವೆಯ ಕಥೆಗಳು (1914) ಉಡುಗೊರೆ ಪುಸ್ತಕಗಳಾಗಿ ಬಂದವು. ರಷ್ಯದಲ್ಲಿ ಇವಾನ್ ಬಿಲಿಬಿನ್ ಇದೇ ಹೊತ್ತಿನಲ್ಲಿ ತೆಳುವಾದ ದೊಡ್ಡ ಪುಸ್ತಕಗಳಿಗೆ ಚಿತ್ರ ಬರೆದನು. ಜಪಾನಿನ ಹಸೆಗಾವ ತಾಕೆಜಿರೊ 1885ರಿಂದ, ಮರದಚ್ಚಿನ ಚಿತ್ರಗಳನ್ನು ಸುಕ್ಕುಗಟ್ಟಿಸಿದ ಕಾಗದದ ಮೇಲೆ ಮುದ್ರಿಸಿದ ಕಥಾಮಾಲೆಯನ್ನು ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿ ಹೊರಡಿಸಿದನು. ಬಟ್ಟೆಯಂತೆ ಮೆತ್ತಗಿರುವ ಅದರ ಪುಟಗಳು ಕೈಗೆ ಕೂಡಲೇ ಗುರುತಾಗುತ್ತವೆ.

ಭಾರತಕ್ಕೆ ಸಂಬಂಧಿಸಿದ ಚಿತ್ರಪುಸ್ತಕಗಳಲ್ಲಿ ಲಾಕ್‌ವುಡ್ ಕಿಪ್ಲಿಂಗ್ ಚಿತ್ರಿಸಿದ ‘ಟೇಲ್ಸ್ ಆಫ್ ದಿ ಪಂಜಾಬ್’ (1894), ವಾರ್ವಿಕ್ ಗೋಬಲ್ ಚಿತ್ರಿಸಿದ ಲಾಲ್ ಬಿಹಾರಿ ಡೇ ಅವರ ಪುಸ್ತಕದ 1912ರ ಆವೃತ್ತಿ ಮುಖ್ಯವಾದವು. ಇವುಗಳಿಗಿಂತ ಭಿನ್ನವಾದದ್ದು ಸೋದರಿ ನಿವೇದಿತಾ ಆರಂಭಿಸಿ, ಆಕೆಯ ನಿಧನಾನಂತರ ಆನಂದ ಕುಮಾರಸ್ವಾಮಿ ಪೂರ್ಣಗೊಳಿಸಿದ ‘ಮಿತ್ಸ್ ಆಫ್ ದಿ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್’ (1913). ಅವನೀಂದ್ರನಾಥ ಠಾಕೂರರ ಮೇಲ್ವಿಚಾರಣೆಯಲ್ಲಿ ಭಾರತೀಯ ಕಲಾವಿದರೇ ಅದಕ್ಕೆ ವರ್ಣಚಿತ್ರ ಬರೆದರು. ನಂದಲಾಲ್ ಬೋಸ್ ಜೊತೆಗೆ ಆಗ ಕಲ್ಕತ್ತದಲ್ಲಿ ಕಲಿಯುತ್ತಿದ್ದ ಮೈಸೂರಿನ ಕೆ. ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಅದರಲ್ಲಿವೆ. ವೆಂಕಟಪ್ಪನವರ ಆರಂಭದ ಕೃತಿಗಳು ಪುಸ್ತಕದ ಮೂಲಕ ಹೊರದೇಶ ತಲುಪಿದ್ದು ಹೀಗೆ. ಕರ್ನಾಟಕದ ಸಂಗ್ರಹಕಾರರಿಗೆ ಈ ಪುಸ್ತಕದ ಮೊದಲ ಆವೃತ್ತಿ ವಿಶೇಷವಾಗಿ ಬೇಕಾದದ್ದು.

ಸೀಮಿತ ಮುದ್ರಣಕ್ಕೆ ಹೆಸರಾದ ಉದಾಹರಣೆ ರಿಚರ್ಡ್ ಬರ್ಟನ್‌ನ ಸಾವಿರದ ಒಂದು ರಾತ್ರಿಗಳು (1885–88). ಹತ್ತು ಸಂಪುಟ, ಆರು ಪೂರಕ ಸಂಪುಟಗಳ ಈ ಅನುವಾದ 1000 ಚಂದಾದಾರರಿಗೆಂದು ಅಚ್ಚಾಯಿತು. ಶೀರ್ಷಿಕೆ ಪುಟದಲ್ಲಿ ಬನಾರಸ್ ಎಂದಿದ್ದರೂ ಅದು ಮುದ್ರಣಗೊಂಡದ್ದು ಇಂಗ್ಲೆಂಡಿನಲ್ಲಿ. ಅಶ್ಲೀಲತೆಯ ಕಾನೂನಿನಿಂದ ಪಾರಾಗಲು ಈ ವ್ಯವಸ್ಥೆ ಮಾಡಲಾಗಿತ್ತು.

ಗ್ರಂಥದ ರಚನೆ ಮತ್ತು ಗುರುತಿಸುವಿಕೆ

ಪುಸ್ತಕದ ಪರೀಕ್ಷೆ ಶೀರ್ಷಿಕೆ ಪುಟದಿಂದ ಮೊದಲಾಗುತ್ತದೆ. ಪ್ರಕಾಶಕ, ಊರು, ವರ್ಷ ನೋಡಿದ ಮೇಲೆ ಅದರ ಬೆನ್ನಪುಟ, ಚಿತ್ರಗಳ ಪಟ್ಟಿ, ಕೊನೆಯಲ್ಲಿ ಹೊಲಿದ ಪ್ರಕಾಶಕರ ಜಾಹೀರಾತಿನ ಪುಟಗಳನ್ನು ಗ್ರಂಥಸೂಚಿಯ ವಿವರಣೆಯೊಂದಿಗೆ ಹೋಲಿಸಬೇಕು. ಪ್ರತಿ ಮಡಿಕೆಯ ಅಡಿಯಲ್ಲಿ ಬೈಂಡರನಿಗಾಗಿ ಅಚ್ಚುಹಾಕಿದ ಅಕ್ಷರಗುರುತುಗಳನ್ನು ಎಣಿಸಿದರೆ ಹಾಳೆ ಕಳೆದಿರುವುದು ತಿಳಿಯುತ್ತದೆ. ವರ್ಣಚಿತ್ರಗಳನ್ನು ಬೇರೆ ಕಾಗದದಲ್ಲಿ ಅಚ್ಚುಮಾಡಿ ಪುಟಕ್ಕೆ ಅಂಟಿಸುತ್ತಿದ್ದುದರಿಂದ ಅವು ಮೊದಲು ಮಾಯವಾಗುತ್ತವೆ. ಚಿತ್ರದ ಮೇಲಿನ ತೆಳು ರಕ್ಷಾಹಾಳೆಯೂ ಇರಬೇಕಾದದ್ದೇ. ಹೊರಗಿನ ಕಾಗದದ ಹೊದಿಕೆಯನ್ನು ಅಂದಿನವರು ಎಸೆಯುತ್ತಿದ್ದರು. ಅದು ಉಳಿದಿದ್ದರೆ ಪ್ರತಿಯ ಬೆಲೆ ಹಲವು ಪಟ್ಟು ಏರುತ್ತದೆ.

ಬಿಡುಗಡೆಯ ಗುರುತು ಎಷ್ಟು ಸೂಕ್ಷ್ಮವಾಗಿರಬಹುದು ಎಂಬುದಕ್ಕೆ ಗ್ರಿಮ್ ಕಥೆಗಳ ಮೊದಲ ಇಂಗ್ಲಿಷ್ ಪುಸ್ತಕ ಸಾಕ್ಷಿ. ಎಡ್ಗರ್ ಟೇಲರ್ ಅನುವಾದಿಸಿ ಜಾರ್ಜ್ ಕ್ರೂಕ್‌ಶಾಂಕ್ ಚಿತ್ರ ಕೆತ್ತಿದ ‘ಜರ್ಮನ್ ಪಾಪ್ಯುಲರ್ ಸ್ಟೋರೀಸ್’ನ ಮೊದಲ ಸಂಪುಟ 1823ರದು, ಎರಡನೆಯದು 1826ರದು. ಮೊದಲ ಸಂಪುಟದ ಶೀರ್ಷಿಕೆ ಪುಟದಲ್ಲಿರುವ ಜರ್ಮನ್ ಪದದ ‘ಎ’ ಅಕ್ಷರದ ಮೇಲಿನ ಎರಡು ಚುಕ್ಕಿಗಳು ಬಿಟ್ಟುಹೋಗಿದ್ದರೆ ಅದು ಮೊದಲ ಬಿಡುಗಡೆ, ಚುಕ್ಕಿಗಳಿದ್ದರೆ ನಂತರದ್ದು.

ವಂಚನೆಯೂ ಈ ಕ್ಷೇತ್ರಕ್ಕೆ ಹೊಸದಲ್ಲ. ಎರಡು ಹರಕು ಪ್ರತಿಗಳಿಂದ ಒಂದನ್ನು ಕಟ್ಟುವುದು, ಕಳೆದ ಹಾಳೆಗೆ ನಕಲು ಹಾಳೆ ಹೊಲಿಯುವುದು, ಮರುಮುದ್ರಣಕ್ಕೆ ಹಳೆಯ ರಟ್ಟು ಹಾಕುವುದು ಸಾಮಾನ್ಯ. 1934ರಲ್ಲಿ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್, ಇಂಗ್ಲಿಷ್ ಕವಿಗಳ ಮೊದಲ ಆವೃತ್ತಿಗಳೆಂದು ಮಾರಾಟವಾಗಿದ್ದ ಹಲವು ಕಿರುಪುಸ್ತಕಗಳು ಖೋಟಾ ಎಂದು ಸಾಧಿಸಿದರು. ಶೀರ್ಷಿಕೆ ಪುಟದ ವರ್ಷದಲ್ಲಿ ಇನ್ನೂ ಬಳಕೆಗೇ ಬಂದಿರದ ಬಗೆಯ ಕಾಗದ ಅವುಗಳಲ್ಲಿದ್ದುದು ಆಧಾರವಾಯಿತು. ಕಥಾಗ್ರಂಥಗಳ ಪರೀಕ್ಷೆಯಲ್ಲೂ ಕಾಗದ ಮತ್ತು ಮೊಳೆಯ ಪರಿಶೀಲನೆ ಅಂದಿನಿಂದ ಕ್ರಮವಾಗಿ ಬೇರೂರಿತು.

ಕನ್ನಡ ಪುಸ್ತಕಗಳ ಕಾಲನಿರ್ಣಯಕ್ಕೆ ಎಲ್. ಡಿ. ಬಾರ್ನೆಟ್ 1910ರಲ್ಲಿ ಸಿದ್ಧಪಡಿಸಿದ ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ, ಬಡಗ, ಕೊಡವ ಪುಸ್ತಕಗಳ ಸೂಚಿ ಅವಶ್ಯಕ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಪ್ರಾಂತ್ಯ ಸರ್ಕಾರಗಳು ಹೊರಡಿಸುತ್ತಿದ್ದ ತ್ರೈಮಾಸಿಕ ಪಟ್ಟಿಗಳಲ್ಲಿ ಪುಟಸಂಖ್ಯೆ, ಪ್ರತಿಗಳ ಸಂಖ್ಯೆ, ಬೆಲೆ ಸಹ ನಮೂದಾಗಿರುತ್ತಿದ್ದವು; ಕಿರುಹೊತ್ತಗೆಗಳ ಬಗೆಗೆ ಅಷ್ಟು ವಿವರ ಬೇರೆಡೆ ದೊರೆಯುವುದಿಲ್ಲ.

ಸಂಗ್ರಹಗಳು

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ (1633–1703) ಬೀದಿಯಲ್ಲಿ ಮಾರುತ್ತಿದ್ದ ಪುಡಿಗಾಸಿನ ಕಥಾಪುಸ್ತಕಗಳನ್ನು ಕೊಂಡು ಬೈಂಡ್ ಮಾಡಿಸಿಟ್ಟನು. ಕೇಂಬ್ರಿಜಿನ ಮಾಗ್ಡಲೀನ್ ಕಾಲೇಜಿನಲ್ಲಿ ಅವು ಇಂದಿಗೂ ಇವೆ. ‘ಟಾಮ್ ಥಂಬ್’ ಕಥೆಯ 1621ರ ಮುದ್ರಣದ ಒಂದೇ ಒಂದು ಪ್ರತಿ ಮಾರ್ಗನ್ ಗ್ರಂಥಾಲಯದಲ್ಲಿ ಉಳಿದಿದೆ. ಆಧುನಿಕ ಸಂಗ್ರಹಗಳಲ್ಲಿ ಎಡ್ಗರ್ ಆಸ್ಬರ್ನ್ 1949ರಲ್ಲಿ ಟೊರಾಂಟೊ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟ ಮಕ್ಕಳ ಪುಸ್ತಕಗಳು, 1988ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯಕ್ಕೆ ಸೇರಿದ, ಅಯೋನಾ ಮತ್ತು ಪೀಟರ್ ಓಪಿ ದಂಪತಿಗಳ ಸುಮಾರು 20,000 ಪುಸ್ತಕಗಳು, ಪ್ರಿನ್ಸ್‌ಟನ್ನಿನ ಕೋಟ್ಸನ್ ಗ್ರಂಥಾಲಯ ಹೆಸರುವಾಸಿ.

ಭಾರತದಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಕೋಲ್ಕತ್ತ ಮತ್ತು ಮುಂಬಯಿಯ ಏಷ್ಯಾಟಿಕ್ ಸೊಸೈಟಿಗಳು, ಚೆನ್ನೈನ ಕನ್ನೆಮರಾ ಗ್ರಂಥಾಲಯ ಈ ಪುಸ್ತಕಗಳ ದೊಡ್ಡ ನೆಲೆಗಳು. ಒಬ್ಬ ವ್ಯಕ್ತಿಯ ಸಂಗ್ರಹದಿಂದ ಬೆಳೆದು 1994ರಲ್ಲಿ ಸಂಸ್ಥೆಯಾದ ಚೆನ್ನೈನ ರೋಜಾ ಮುತ್ತಯ್ಯ ಸಂಶೋಧನ ಗ್ರಂಥಾಲಯದಲ್ಲಿ ತಮಿಳು ಕಿರುಹೊತ್ತಗೆಗಳು ಅಪಾರವಾಗಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ (1909), ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ (1891), ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲೆ ಭಂಡಾರ ಕರ್ನಾಟಕದ ಸಂಶೋಧಕರು ಮೊದಲು ತಟ್ಟುವ ಬಾಗಿಲುಗಳು. ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ‘ಪುಸ್ತಕ ಮನೆ’ ಖಾಸಗಿ ಪ್ರಯತ್ನಕ್ಕೆ ನಿದರ್ಶನ.

ಸಂರಕ್ಷಣೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಕಾಗದವನ್ನು ಹೆಚ್ಚಾಗಿ ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. ಆಮೇಲೆ ಬಂದ ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ ಉಳಿಯುತ್ತದೆ. ಶಾಯಿ ಹರಡದಿರಲು ಹಾಕುವ ಪಟಿಕ ಮತ್ತು ರಾಳ ಆಮ್ಲವನ್ನು ಹುಟ್ಟಿಸುತ್ತವೆ. ಆದ್ದರಿಂದ 1812ರ ಗ್ರಿಮ್ ಪುಸ್ತಕದ ಹಾಳೆ ಇಂದಿಗೂ ಬಾಗುತ್ತದೆ, 1912ರ ಕಿರುಹೊತ್ತಗೆಯ ಹಾಳೆ ಮಡಿಸಿದೊಡನೆ ಹಪ್ಪಳದಂತೆ ಮುರಿಯುತ್ತದೆ. ಹಳೆಯದಕ್ಕಿಂತ ಹೊಸದೇ ಹೆಚ್ಚು ಅಪಾಯದಲ್ಲಿದೆ ಎಂಬುದನ್ನು ಸಂಗ್ರಹಕಾರರು ಮೊದಲು ಅರಿತಿರಬೇಕು.

ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 50ರ ಆಸುಪಾಸಿನ ತೇವಾಂಶ ಪುಸ್ತಕಕ್ಕೆ ಹಿತ. ಅದಕ್ಕಿಂತಲೂ ಮುಖ್ಯವಾದದ್ದು ಏರುಪೇರಿಲ್ಲದಿರುವುದು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ; ಕಪಾಟನ್ನು ಗೋಡೆಯಿಂದ ದೂರವಿಟ್ಟು ಗಾಳಿಯಾಡಿಸಬೇಕು. ಗೆದ್ದಲು, ಸಿಲ್ವರ್‌ಫಿಶ್, ಹಾಳೆ ಕೊರೆಯುವ ದುಂಬಿಯ ಮರಿಹುಳು ಮುಖ್ಯ ಶತ್ರುಗಳು. ಬೇವಿನ ಎಲೆ, ಬಜೆಬೇರುಗಳನ್ನು ಬಟ್ಟೆಯಲ್ಲಿ ಕಟ್ಟಿಡುವ ಹಳೆಯ ಪದ್ಧತಿ ಹುಳುಗಳನ್ನು ದೂರವಿಡಲು ನೆರವಾಗುತ್ತದೆಯಾದರೂ ಒಳಗೆ ಸೇರಿದ ಹುಳುವನ್ನು ಕೊಲ್ಲುವುದಿಲ್ಲ. ಹರಿದ ಹಾಳೆಗೆ ಸೆಲೋಟೇಪು ಹಚ್ಚುವುದು ಅತಿ ಕೆಟ್ಟ ಉಪಚಾರ: ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರಗಳನ್ನೇ ತಿನ್ನುತ್ತದೆ. ಗಂಜಿಯ ಅಂಟು, ತೆಳುವಾದ ಜಪಾನಿ ಕಾಗದ ಬಳಸಿದರೆ ಮುಂದೆ ಬೇಕೆಂದಾಗ ಬಿಡಿಸಬಹುದು. ಮೂಲ ರಟ್ಟನ್ನು ಕಿತ್ತು ಹೊಸ ಬೈಂಡಿಂಗ್ ಮಾಡಿಸಿದರೆ ಪ್ರತಿಯ ಇತಿಹಾಸದ ಗುರುತುಗಳು ಅಳಿದುಹೋಗುತ್ತವೆ; ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿಡುವುದು ಲೇಸು.

ಉಪಯೋಗ

ಈ ಸಂಗ್ರಹಗಳ ಮೊದಲ ಉಪಯೋಗ ಪಾಠಗಳ ಹೋಲಿಕೆ. ಗ್ರಿಮ್‌ರ 1812ರ ಆವೃತ್ತಿಯಲ್ಲಿ ಹಿಮಸುಂದರಿಯನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರಿಂದ ಅವಳು ಮಲತಾಯಿಯಾದಳು. ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರ ತಾಯಿಯೂ ಮುಂದಿನ ಆವೃತ್ತಿಗಳಲ್ಲಿ ಹೀಗೆಯೇ ಬದಲಾದಳು. ಮೊದಲ ಆವೃತ್ತಿಯ ಪ್ರತಿಗಳು ಉಳಿಯದೆ ಹೋಗಿದ್ದರೆ ಈ ಬದಲಾವಣೆ ಯಾರ ಕೈಯದು, ಯಾವ ಕಾಲದ್ದು ಎಂದು ಹೇಳಲಾಗುತ್ತಿರಲಿಲ್ಲ.

ಎರಡನೆಯದು ಕಥೆಗಳ ವರ್ಗೀಕರಣ. ಆಂಟಿ ಆರ್ನೆ 1910ರಲ್ಲಿ ಆರಂಭಿಸಿ, ಸ್ಟಿತ್ ಥಾಮ್ಸನ್ ವಿಸ್ತರಿಸಿ, ಹ್ಯಾನ್ಸ್ ಯೋರ್ಗ್ ಊಥರ್ 2004ರಲ್ಲಿ ಪರಿಷ್ಕರಿಸಿದ ಕಥಾವರ್ಗ ಸೂಚಿಗೆ ಆಧಾರ ಈ ಹಳೆಯ ಸಂಕಲನಗಳೇ. ಭಾರತದ ಕಥೆಗಳಿಗೆ ಥಾಮ್ಸನ್ ಮತ್ತು ವಾರೆನ್ ರಾಬರ್ಟ್ಸ್ 1960ರಲ್ಲಿ ಪ್ರತ್ಯೇಕ ಸೂಚಿ ಮಾಡಿದರು. ಕಲಾ ಇತಿಹಾಸ, ಮುದ್ರಣ ತಂತ್ರದ ಇತಿಹಾಸ, ವಸಾಹತು ಕಾಲದ ಜ್ಞಾನಸಂಗ್ರಹದ ವಿಮರ್ಶೆಗೂ ಇವು ಆಕರಗಳಾಗಿವೆ.

ಕಾನೂನು

ಭಾರತದ 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ, ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯ ಮೌಲ್ಯವುಳ್ಳ 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿ ಮತ್ತು ದಾಖಲೆಗಳು, 100 ವರ್ಷಕ್ಕೆ ಕಡಿಮೆಯಿಲ್ಲದ ಇತರ ವಸ್ತುಗಳು ಪ್ರಾಚೀನ ವಸ್ತುಗಳಾಗುತ್ತವೆ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಹಕ್ಕುಸ್ವಾಮ್ಯದ ಅವಧಿ ಲೇಖಕರ ಮರಣಾನಂತರ 60 ವರ್ಷ. ಈ ಲೇಖನದಲ್ಲಿ ಹೆಸರಿಸಿದ ಹತ್ತೊಂಬತ್ತನೆಯ ಶತಮಾನದ ಕೃತಿಗಳನ್ನು ಯಾರು ಬೇಕಾದರೂ ಮರುಮುದ್ರಿಸಬಹುದು. ಗ್ರಂಥಾಲಯದ ಮುದ್ರೆಯಿರುವ ಪ್ರತಿಯನ್ನು ಕೊಳ್ಳುವಾಗ ಅದನ್ನು ಅಲ್ಲಿಂದ ಕ್ರಮಬದ್ಧವಾಗಿ ವಿಲೇವಾರಿ ಮಾಡಿದ ಗುರುತು ಇದೆಯೇ ಎಂದು ನೋಡುವುದು ಕೊಳ್ಳುವವರ ಹೊಣೆ.

ಇಂದಿನ ಸ್ಥಿತಿ

ಇಂಟರ್‌ನೆಟ್ ಆರ್ಕೈವ್, ಗೂಗಲ್ ಬುಕ್ಸ್, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾಗಳ ಸ್ಕ್ಯಾನ್ ಪ್ರತಿಗಳಿಂದ ಅನೇಕ ಪುಸ್ತಕಗಳ ಪಾಠ ಈಗ ಎಲ್ಲರಿಗೂ ಸಿಗುತ್ತದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಜಾಲತಾಣದಲ್ಲಿ ಮಲಯಾಳಂ ಪುಸ್ತಕಗಳೊಂದಿಗೆ ಬಾಸೆಲ್ ಮಿಷನ್ನಿನ ಕನ್ನಡ, ತುಳು ಪುಸ್ತಕಗಳೂ ಇವೆ. ಯಕ್ಷವಾಹಿನಿ ಸಂಸ್ಥೆಯ ಸ್ವಯಂಸೇವಕರು ಹಳೆಯ ಪ್ರಸಂಗ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಹುಡುಕಿ, ಸ್ಕ್ಯಾನ್ ಮಾಡಿ ಉಚಿತವಾಗಿ ಒದಗಿಸುತ್ತಿದ್ದಾರೆ. ಗ್ರಂಥಾಲಯಗಳು ಕೈಬಿಟ್ಟ ಕೆಲಸವನ್ನು ಕಲೆಯ ಅಭಿಮಾನಿಗಳು ಹೊತ್ತುಕೊಂಡಿರುವುದು ಗಮನಾರ್ಹ. ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವಿಸಸ್, ಮೋತಿಲಾಲ್ ಬನಾರಸಿದಾಸ್ ಮೊದಲಾದ ಪ್ರಕಾಶಕರ ಮರುಮುದ್ರಣಗಳೂ ಓದುಗರ ಅಗತ್ಯವನ್ನು ಪೂರೈಸಿವೆ.

ಹೀಗೆ ಪಾಠ ಸುಲಭವಾದರೂ ಮೂಲ ಪ್ರತಿಯ ಬೇಡಿಕೆ ಕುಗ್ಗಿಲ್ಲ. ರ‍್ಯಾಕಮ್, ಡ್ಯೂಲಾಕ್‌ರ ಸಹಿಯುಳ್ಳ ಆವೃತ್ತಿಗಳು ಅಂತರರಾಷ್ಟ್ರೀಯ ಹರಾಜುಗಳಲ್ಲಿ ನಿರಂತರವಾಗಿ ಮಾರಾಟವಾಗುತ್ತವೆ. ಬೇಡಿಕೆ ಬಂದಾಗ ಅಚ್ಚುಹಾಕಿ ಕೊಡುವ ಮರುಮುದ್ರಣಗಳನ್ನು ಹಳೆಯ ಪುಸ್ತಕದ ಹೆಸರು, ವರ್ಷದಡಿ ಜಾಲದಲ್ಲಿ ಪಟ್ಟಿಮಾಡುವುದು ಕೊಳ್ಳುವವರಿಗೆ ಹೊಸ ತೊಡಕಾಗಿದೆ. ಬೆಂಗಳೂರಿನ ಅವೆನ್ಯೂ ರಸ್ತೆ, ಕೋಲ್ಕತ್ತದ ಕಾಲೇಜ್ ಸ್ಟ್ರೀಟ್‌ಗಳಲ್ಲಿ ಪಠ್ಯಪುಸ್ತಕಗಳ ನಡುವೆ ಹಳೆಯ ಕಥಾಪುಸ್ತಕ ಸಿಗುವುದು ಕಡಿಮೆಯಾಗುತ್ತಿದೆ. ಬ್ರಿಗೇಡ್ ರಸ್ತೆ ಬಳಿಯ ಸೆಲೆಕ್ಟ್ ಬುಕ್ ಶಾಪ್‌ನಂಥ, ಹಳೆಯ ಪುಸ್ತಕಕ್ಕೇ ಮೀಸಲಾದ ಅಂಗಡಿಗಳು ಬೆರಳೆಣಿಕೆಯಷ್ಟಿವೆ. ಸಂಗ್ರಹದ ಕಾಲಮಿತಿಯೂ ಸರಿಯುತ್ತಿದೆ. 1949ರಲ್ಲಿ ಆರಂಭವಾದ ಕನ್ನಡ ‘ಚಂದಮಾಮ’ದ ಮೊದಲ ವರ್ಷಗಳ ಸಂಚಿಕೆಗಳನ್ನು ಸಂಗ್ರಹಕಾರರು ಈಗಾಗಲೇ ಅರಸುತ್ತಿದ್ದಾರೆ. ಕನ್ನಡ ಕಿರುಹೊತ್ತಗೆಗಳಿಗೆ ಮಾತ್ರ ಇಂದಿಗೂ ಒಂದು ಸಮಗ್ರ ಸೂಚಿಯಿಲ್ಲ. ಊರೂರಿನ ಮಠ, ಭಾಗವತರ ಮನೆ, ಹಳೆಯ ಮುದ್ರಣಾಲಯಗಳ ಅಟ್ಟಗಳಲ್ಲಿ ಉಳಿದಿರುವ ಪ್ರತಿಗಳನ್ನು ಪಟ್ಟಿಮಾಡುವ ಕೆಲಸ ಬಿಡಿ ವ್ಯಕ್ತಿಗಳ ಪ್ರಯತ್ನದಲ್ಲಿ ನಡೆದಿದೆ.